ಹತ್ತರಾಗ ಎರಡು

ಅಲ್ಲ ಬೇ ಪ್ರಮಿಲಾ, ನನಗ್ಯಾಕ ಹಂಗ ನೋಡ್ತಿ? ನಾ ಬರದೇನೇನ ಅದನ್ನ? ಬರದಾಂವ ಎದುರ ಮನ್ಯಾಗ ಕುಂತಾನ, ತಹಸೀಲ ಆಫೀಸಿನ ಕಲ್ಯಾಣಪ್ಪ! ಆ ಹಾಳಿ ನನ್ನ ಮಾರಿ ಮುಂದ ಆಡಿಸಬ್ಯಾಡ. ಮೂರನೇ ಇಯತ್ತೆಗೇ ಸಾಲಿ ಬಿಟ್ಟಾಕಿ ನಾ, ನನಗ ಅದು ಇರುವಿ ಸಾಲು ಕಂಡಂಗ ಕಾಣ್ತದ... ಕುಂಡ್ರು. ಮೊದ್ಲ ಕುಂಡ್ರು. ಅಲ್ಲಲ್ಲ, ಇಲ್ಲಿ ಎದುರಿಗಿ ಬಾ. ಹಾಂ. ಈ ಮೊರ ಹಿಡಿ, ಬ್ಯಾಳ್ಯಾಗಿನ ಹರಳು ಆರಿಸ್ಕೋತ ಮಾತಾಡೂಣು. ಸಿಟ್ಟು ಬಂದಾಗ ಕೈಗಿ ಕೆಲಸ ಇರ್ಬೇಕು.

ಖರೇ ಹೇಳ್ತೇನಿ, ನನಗ ಮೊದಲಿಂದನೂ ಅವನ ಮ್ಯಾಲ ಶಕ್ ಅದ. ಪಹಣಿ ಬರೆಯೂ ಮನಿಷಾಗ ಮೈಕಿನ ಉಸಾಬರಿ ಯಾಕ ಬೇಕು? ಹವ್ಯಾಸ ಅಂತ, ಹವ್ಯಾಸ! ಗುಲಬರ್ಗಾದಾಗ ಯಾರೋ ರೇಡಿಯೋ ಹುಚ್ಚರು ತಿಂಗಳಿಗಿ ಒಂದ ಹಾಳಿ ಛಾಪಿಸ್ತಾರ, ಇಂವ ಅದಕ್ಕ ಬರೀತಾನ. ಯಾರ ಮೈಕಿನ ಮಷೀನ ಚಲೋ, ಯಾರ ಭೋಂಗಾ ಸ್ಪೀಕರು ಕೆಟ್ಟ... ಮದುವಿ ಮಾಡೋರು, ಭಜನಿ ಮಂದಿ, ಎಲ್ಲಾರೂ ಈಗ ಅದನ್ನ ನೋಡೇ ಮೈಕ್ ಸೆಟ್ ಹೇಳ್ತಾರ. ಛಾಪಾ ಆಗಿ ಬಂದ್ರ ಮುಗೀತು, ನಮ್ಮ ಮಂದಿಗಿ ಅದು ದೇವರ ಮಾತು!

ಏನು?... ಹೌದು ತಾಯಿ, ದತ್ತಪ್ಪನ ಮಷೀನಿನ ಬಗ್ಗೆ ಬರದದ್ದು ನನಗೂ ಓದಿ ಹೇಳ್ಯಾರ. ಎರಡ ವರ್ಷ ನಿನ್ನ ಗಂಡ ಕುಂತು ಕುಂತು ಕಟ್ಟಿದ್ದು. ಕಾಯಿಸಿದ ಕಡ್ಡೀಲೆ ತಂತಿ ಬೆಸಿಯೂ ಹೊಗಿ ನಮ್ಮ ಅಡಗಿ ಮನೀತನಾ ಬರ್ತಿತ್ತು. ಅಂಥಾದ್ದಕ್ಕ 'ಹತ್ತು ಹೆಸರಿನಾಗ ಎರಡೇ ತಿಳೀತಾವ' ಅಂತ ಬರದ್ರ ಯಾರ ಹೊಟ್ಟಿ ಉರಿಯೂದಿಲ್ಲ? ಆ ಸೋಲಾಪುರದ ಅಂಗಡಿ ಮಷೀನಿಗಿ ಹತ್ತರಾಗ ಒಂಬತ್ತು! ದತ್ತಪ್ಪಂದಕ್ಕ ಎರಡು!

ಯಾಕ ಅಂತ ನಾ ಹೇಳ್ತೇನಿ. ಆ ಸೋಲಾಪುರದ್ದು ಪರೀಕ್ಷಾಕ್ಕಂತ ಬಂದಿತ್ತು. ಪರೀಕ್ಷಾ ಮುಗದು ಯಾ ಕಾಲ ಆಯ್ತು? ವಾಪಸ ಹೋಯ್ತೇನ? ಅವನ ಪಡಸಾಲ್ಯಾಗ ಕಸೂತಿ ಬಟ್ಟಿ ಹೊದ್ಕೊಂಡು ಕುಂತದ, ಮದುಮಗಳಂಗ! ನಾ ಮಜ್ಜಿಗಿ ಕೇಳೂ ನೆವದ ಮ್ಯಾಲ ಹೋಗಿ ನೋಡಿ ಬಂದೇನಿ. ಅವನ ಹೆಣ್ತಿ ಸುಭದ್ರಾಬಾಯಿ, 'ಇನ್ನಾ ನೋಡಾಕತ್ತಾರ್ರಿ ಕಾಕಿ, ಪೂರಾ ಪರೀಕ್ಷಾ ಆಗಿಲ್ಲ' ಅಂತಾಳ. ಮ್ಯಾಲ ಹೂದಾನಿ ಇಟ್ಟಾಳ! ಪರೀಕ್ಷಾ ಆಗೂದರ ಮ್ಯಾಲ ಹೂದಾನಿ ಯಾರ ಇಡ್ತಾರ?

ಯಾಕ ನಗ್ತಿ? ನಗೂ ಮಾತಲ್ಲ ಇದು.

ಮತ್ತ ಅವನ ಆ ಧ್ವನಿ ಅಳಿಯೂ ಮೀಟರು! ಏನೂ ಹಚ್ಚಿರಂಗಿಲ್ಲ, ತಂತಿ ಖಾಲಿ ನೇತಾಡ್ತಿರ್ತದ, ಸೂಜಿ ಮಾತ್ರ ಐದರ ಮ್ಯಾಲ ನಿಂತಿರ್ತದ. ನಾ ಕೇಳಿದೆ, 'ಯಾಕೋ ಕಲ್ಯಾಣಪ್ಪ, ಏನೂ ಇಲ್ಲದ ಐದು ಹೆಂಗ ತೋರಸ್ತದ?' ಅಂತ. 'ಅದರ ಸ್ವಭಾವನೇ ಹಂಗ ಕಾಕಿ, ನಾ ಬರೆಯೂ ಮುಂದ ಐದು ಕಳೀತೇನಿ' ಅಂದ. ಯಾರದಕ್ಕ ಕಳೀತಾನ, ಯಾರದಕ್ಕ ಬಿಡ್ತಾನ, ಯಾರ ಕಂಡಾರ? ಮ್ಯಾಲ ಅವನ ಬರಹ ಬ್ಯಾರೆ! ಸೋಲಾಪುರದ್ದು 'ಬೆಚ್ಚನೆಯ ಧ್ವನಿ' ಅಂತ! ಧ್ವನಿ ಬೆಚ್ಚಗ ಇರಾಕ ಅದೇನ ತವಾದ ಮ್ಯಾಗಿನ ರೊಟ್ಟಿ ಏನ? ನಿಮ್ಮದು 'ಒಣ ಧ್ವನಿ' ಅಂತ. ಹಿಂಡಿ ನೋಡಿದ್ನೇನ?

ಕರೆಂಟಿನ ಕತಿ ಕೇಳು ಇನ್ನ. ಸೋಲಾಪುರದ್ದು ಅಳದದ್ದು ಮುಂಜಾನಿ, ಬಲ್ಬು ಕಣ್ಣ ಕುಕ್ಕೂವಂಗ ಉರೀತಿತ್ತು. ನಿಮ್ಮದು ಮಧ್ಯಾಹ್ನ, ಮಲ್ಲಣ್ಣನ ಹಿಟ್ಟಿನ ಗಿರಣಿ ಚಾಲೂ ಇದ್ದಾಗ. ಗಿರಣಿ ಶುರು ಆದ್ರ ನಮ್ಮ ಓಣ್ಯಾಗ ಫ್ಯಾನಿನ ರೆಕ್ಕಿ ಎಣಿಸಬೌದು. ಅಂಥಾ ಕರೆಂಟಿನ್ಯಾಗ ಯಾ ಮಷೀನಾದ್ರೂ ನರಳ್ತದ. ಒಂದಕ್ಕ ಹೊಟ್ಟಿ ತುಂಬ ಉಣ್ಣಿಸಿ, ಇನ್ನೊಂದಕ್ಕ ಉಪಾಸ ಕೆಡವಿ, ಇಬ್ಬರಿಗೂ ಓಡಸ್ರಿ ಅಂದ್ರ ಹೆಂಗ?

ಅದೆಲ್ಲ ಬ್ಯಾಡ? ಯಾಕ ಬ್ಯಾಡ? ನಾ ಇಷ್ಟ ಹೇಳಾಕತ್ತೇನಿ...

ಪರೀಕ್ಷಾದಾಗ ಕುಂತು ಕೇಳಿದಾಕಿ ಯಾರು ಅಂತೀ?

...ಅದನ್ನ ಕಟ್ಕೊಂಡು ಏನ ಮಾಡ್ತಿ?

ಗೊತ್ತದ ಬೇ, ಗೊತ್ತದ, ಅವನ ಪರೀಕ್ಷಾ ಹೆಂಗಂತ ಇಡೀ ಓಣಿಗಿ ಗೊತ್ತದ. ಭೋಂಗಾ ಮಾಳಗಿ ಮ್ಯಾಲ ಕಟ್ತಾನ. ತಾ ಬಾಗಿಲದಾಗ ಮೈಕ್ ಹಿಡದು ಹತ್ತು ಊರಿನ ಹೆಸರು ಮೆಲ್ಲಕ ಹೇಳ್ತಾನ. ಕರಜಗಿ, ಗೊಬ್ಬೂರ, ಅತನೂರ, ಹಿಂಗ. ಇಪ್ಪತ್ತು ಹೆಜ್ಜಿ ಈ ಕಡಿ ಒಬ್ರು ಕುಂತಿರ್ತಾರ. ಏನ ಕೇಳ್ಸಿತು ಅಂತ ಅವರು ಹೇಳ್ಬೇಕು, ಇಂವ ಗೆರಿ ಹಾಕ್ತಾನ. ಮಷೀನ ಮಾಲಕ ಅಲ್ಲಿ ಇರಬಾರದು, ಅದು ಅವನ ಕಾನೂನು. ಅದಕ್ಕ ದತ್ತಪ್ಪಗೂ ಗೊತ್ತಿಲ್ಲ. ನೀನೂ ಆಳಂದಕ್ಕ ತವರಿಗಿ ಹೋಗಿದ್ದಿ.

ಕಲ್ಯಾಣಪ್ಪ ಹೆಸರು ಹೇಳವಲ್ಲ? ಹೆಂಗ ಹೇಳ್ಯಾನ, ಅದೂ ಅವನ ಕಾನೂನೇ!

ಏನಂದಿ? ಜರಾ ಸಾವಕಾಶ ಹೇಳು... ಕರಜಗಿ ಜಗದೇವಪ್ಪ? ಮಗಳ ಮದುವಿಗಿ ನಿಮ್ಮ ಸೆಟ್ ಹೇಳಿ, ಹಾಳಿ ನೋಡಿ ಬಿಡಿಸಿದ್ನಲ್ಲ, ಅವನಾ? ಏನಂತಾನ? ...'ಆ ಕೇಳಿದವರು ನನ್ನ ಕಣ್ಣ ಮುಂದ ಇನ್ನೊಮ್ಮಿ ಕುಂತು ಕೇಳ್ಲಿ, ಆಗ ತಿಳಿದ್ರ ದತ್ತಪ್ಪನ ಸೆಟ್ಟೇ ಹಚ್ಚಿಸ್ತೇನಿ' ಅಂದ್ನಾ?

ಅಂಥಾ ಹಟ ಅವಂದು...

ಮತ್ತ ದತ್ತಪ್ಪ? ...ನಾಳಿನ ಬಸ್ಸಿಗಾ? ಸೋಲಾಪುರಕ್ಕ? ಅದೇ ಅಂಗಡ್ಯಾಗ ಡಬ್ಬಿ ಹೊರೂ ಕೆಲಸಕ್ಕ?! ಥೂ, ಥೂ! ತಾನೇ ಮಷೀನ ಕಟ್ಟೂವಾಂವ ಮಂದಿ ಮಷೀನ ಹೆಗಲ ಮ್ಯಾಲ ಹೊರ್ತಾನೇನ? ನೀ ಬ್ಯಾಡ ಅನ್ಲಿಲ್ಲೇನ? ...ಬೆಸಿಯೂ ಕಡ್ಡಿ ಬಾವಿಗಿ ಒಗದು ಬಂದಾನ?

ಅಯ್ಯ ಶಿವನ...

ಇಲ್ಲಿ ಕೇಳು ಪ್ರಮಿಲಾ. ಒಂದ ಮಾತ ಹೇಳ್ತೇನಿ, ನಾ ಹೇಳ್ದೆ ಅನ್ನಬ್ಯಾಡ. ಅವತ್ತ ಕುಂತಾಕಿ... ಚಾಂದಬೀ. ಹೌದು, ಆ ಮೂಲಿಮನಿ ಚಾಂದಬೀನೇ! ಆಕಿ ಕಿವಿ ಮಂದ ಅವ. ಗೊತ್ತಿಲ್ಲ ಯಾರಿಗೂ, ಮುಚ್ಚಿಟ್ಟಾಳ. ಶಾಣ್ಯಾ ಹೆಂಗಸು, ಎದುರಿನವರ ಬಾಯಿ ನೋಡೇ ಮಾತ ತಿಳ್ಕೋತಾಳ. ಹಂಗಂತ ಪೂರಾ ಕಿವುಡಿ ಅಲ್ಲ ಮತ್ತ! ಸಪ್ಪಳ ಕೇಳ್ತದ. ಸಪ್ಪಳ ಬೇಕಾದಷ್ಟು ಕೇಳ್ತದ, ಅದರಾಗಿನ ಮಾತ ಬಿಡಿಸಿ ಬರಂಗಿಲ್ಲ. ಹತ್ತಿ ತುರುಕಿದಂಗ... ಹಂಗಿರ್ತದಂತ.

ಸೋಲಾಪುರದ್ದು ಹಚ್ಚಿದಾಗ ಮುಂಜಾನಿ ತಂಪು, ಕಲ್ಯಾಣಪ್ಪ ಬಾಗಿಲದ ಹೊಸ್ತಲ ಮ್ಯಾಲೇ ನಿಂತಿದ್ದ. ಎದುರಿಗಿ ಬಾಯಿ ಕಾಣ್ತಿತ್ತು. ಕರಜಗಿ ಅಂದ್ರ ಬಾಯಿ ಹಿಂಗ, ಗೊಬ್ಬೂರ ಅಂದ್ರ ತುಟಿ ಹಿಂಗ ಗುಂಡಗ. ನಮ್ಮ ತಾಲೂಕಿನ ಊರು, ಹುಟ್ಟಿದಾಗಿಂದ ಗೊತ್ತಿದ್ದವು, ತುಟಿ ನೋಡಿದ್ರ ತಿಳೀತಾವ. ಒಂಬತ್ತು ಹೇಳಿದ್ಳು. ನಿಮ್ಮದು ಹಚ್ಚಿದಾಗ ಬಿಸಿಲು ರಣರಣ... ಇಂವ ಮೈಕ್ ಹಿಡ್ಕೊಂಡು ಒಳಗ ಸರದ. ಕತ್ತಲ ಕೋಣ್ಯಾಗ ಅವನ ಬಿಳಿ ಬನೀನು ಅಷ್ಟೇ ಕಾಣ್ತಿತ್ತು. ಮಾರಿ ಎಲ್ಲದ, ಬಾಯಿ ಎಲ್ಲದ, ಒಂದೂ ಗೊತ್ತಾಗ್ಲಿಲ್ಲ. 'ತಿಳೀಲಿಲ್ಲ' ಅನ್ನಾಕ ನಾಚಿಕಿ, ಹತ್ತೂ ಸಲ ಅನ್ನಾಕ ಆಗ್ತದೇನ? ಮನಸ್ಸಿಗಿ ಬಂದ ಊರು ಹೇಳಿದ್ರ ಎರಡು ಹತ್ತಿದ್ವು. ಅಷ್ಟೇ! ಅದರಾಗ ನಿನ್ನ ಗಂಡನ ಮಷೀನಿಂದು ಏನೂ ತಪ್ಪಿಲ್ಲ. ಇದನ್ನೇ ಹೋಗಿ ಹೇಳು ಜಗದೇವಪ್ಪಗ. ಚಾಂದಬೀ ಕಿವೀದು ತಪ್ಪು, ಮಷೀನಿಂದಲ್ಲ ಅಂತ.

ಆಕೀಗಿ ಕರಸೂದೇನ ಬ್ಯಾಡ. ಮುದುಕಿ, ಪಾಪ, ಮಂದ್ಯಾಗ ಮರ್ಯಾದಿ...

ಏನು?

ಜೇವರ್ಗಿಗಾ? ಯಾವಾಗ?

...ಮಗಳ ಬಾಣಂತನಕ್ಕ. ನೀನೇ ಬಸ್ ಹತ್ತಿಸಿ ಬಂದಿದ್ದಿ? ಆಳಂದಕ್ಕ ಹೋಗೂಕಿಂತ ಮುಂಚೆ... ಇನ್ನಾ ತಿರುಗಿ ಬಂದಿಲ್ಲ?

ಹೌದಾ... ನನಗ್ಯಾರೂ ಹೇಳ್ಲೇ ಇಲ್ಲ ನೋಡು. ಓಣ್ಯಾಗ ಎಲ್ಲಾರೂ ಮಾತಾಡಿರ್ಬೇಕು, ನನಗ ಮಾತ್ರ... ಹಂಗಾದ್ರ ಬ್ಯಾರೆ ಯಾರರ ಕುಂತಿರ್ಬೇಕು. ಮುದುಕ್ಯಾರೆಲ್ಲ ಒಂದೇ ನಮೂನಿ ಕಾಣ್ತಾರ ದೂರಿಂದ. ನಾ ಮನ್ಯಾಗ ಇದ್ದೆ, ಹಪ್ಪಳಾ ಲಟ್ಟಿಸಾಕತ್ತಿದ್ದೆ. ನಾ ಎಲ್ಲಿ ನೋಡಾಕ ಹೋಗ್ಲಿ? ಮಂದಿ ಅಂದದ್ದು ಹೇಳ್ದೆ.

ಯಾಕ ಕೈ ನಿಲ್ಲಿಸಿದಿ? ಆರಿಸು ಆರಿಸು, ಇನ್ನಾ ಅರ್ಧಾ ಮೊರ ಅದ.

ಪ್ರಮಿಲಾ. ಏನರ ಅನ್ನು. ಬೈಯಿ ಬೇಕಾದ್ರ.

ಯಾಕ ಸೆರಗು ಹಿಡದಿ ಮಾರಿಗಿ? ಅಳಾಕತ್ತೇನ? ಅಳಬ್ಯಾಡ ತಾಯಿ... ಇಲ್ಲ, ಕಣ್ಣಾಗ ನೀರಿಲ್ಲ. ನನ್ನೇ ನೋಡಾಕತ್ತಿ. ಬಾಯಿ ಅಷ್ಟೇ ಮುಚ್ಚಿ... ಸೆರಗು ಅಲಗ್ಯಾಡಾಕತ್ತದಲ್ಲ. ಏನರ ಅಂದೇನ? ಹೂಂ. ಹೂಂ, ಹೌದು... ಅಲ್ಲೇನ? ಊಟ ಆಯ್ತೇನ ಅಂದಿ? ಆಯ್ತು ಬೇ, ಮುಂಜಾನಿನೇ ಆಯ್ತು... ತಲಿ ಯಾಕ ಅಲ್ಲಾಡಸ್ತಿ? ಚಾ ಅಂದೇನ? ಚಾ ಇಡ್ಲಿ? ಅದೂ ಅಲ್ಲ?

ಬ್ಯಾಡ ಹಂಗ. ಹಂಗ ಮಾಡಬ್ಯಾಡ ನನ್ನ ಕೂಡ.

ಈ ಕಟ್ಟಿ ಮ್ಯಾಲ ನಾಕ ಮಂದಿ ಬಂದು ಕುಂಡ್ರೂದು ನನ್ನ ಕೂಡ ಮಾತಾಡಾಕ. ಕಿವಿ ಹೋದಾಕಿ ಕೂಡ ಯಾರ ಕುಂಡ್ರತಾರ ಬೇ? 'ಗುರಮ್ಮಕಾಕಿ, ಇಡೀ ಓಣಿದು ಒಂದ ಮಾತೂ ನಿಮಗ ತಪ್ಪಂಗಿಲ್ರಿ, ಪರೀಕ್ಷಾಕ್ಕ ನೀವೇ ಕುಂಡ್ರಿ' ಅಂದ ಕಲ್ಯಾಣಪ್ಪ. ಹೆಂಗ ಒಲ್ಲೆ ಅನ್ಲಿ? ಹೆಂಗ?

ದತ್ತಪ್ಪಗ ಬಸ್ ಹತ್ತಬ್ಯಾಡ ಅನ್ನು. ನಾ ಬರ್ತೇನಿ ಕರಜಗಿಗಿ. ಜಗದೇವಪ್ಪನ ಮುಂದ ನಿಂತು ನಾನೇ ಹೇಳ್ತೇನಿ... ಇವತ್ತೇ ಬರ್ತೇನಿ. ಚಪ್ಪಲಿ ಹಾಕ್ಕೋತೇನಿ, ನಡಿ. ಏನಂತಿ? ಆಯ್ತು ಅಂದೇನ? ಬ್ಯಾಡ ಅಂದೇನ?

ಸೆರಗು ತಗಿ ಪ್ರಮಿಲಾ. ನಿನ್ನ ಬಾಯಿ ನನಗ ಕಾಣವಲ್ದು.