ದಾಳ ಹಾಕಿದ ಸಮುದ್ರ

ಸ್ಕ್ಯಾನಿಂಗ್ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯವರ ಗಂಡ ಒಳಗಿದ್ದರು. ಚಿಕ್ಕವಳ ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಕಪ್ಪು ಬಿಳಿ ಚೌಕಗಳು ಮಿನುಗುತ್ತಿದ್ದವು.

“ಇದೇನೇ, ಚದುರಂಗವಾ?”

“ಧ್ರುವದ ಸಮುದ್ರ, ಚಿಕ್ಕಮ್ಮ. ಬಿಳಿ ಐಸು. ಕಪ್ಪು, ಅದರ ಮೇಲೆ ಕರಗಿ ನಿಂತ ನೀರು.”

“ಅಲ್ಲಿಗೆ ಯಾವಾಗ ಹೋಗಿದ್ದೆ?”

“ಎಲ್ಲಿ ಹೋಗೋದು. ಫ್ರಿಜ್ಜಿನ ಐಸು ಬಿಟ್ರೆ ಬೇರೆ ನೋಡಿಲ್ಲ ನಾನು.”

ಚಿಕ್ಕಮ್ಮ ಪರದೆಯತ್ತ ಬಗ್ಗಿದರು.

“ಕರಗೋದು ನಿನಗೆ ಹೇಗೆ ಗೊತ್ತಾಗುತ್ತೆ ಮತ್ತೆ?”

“ನಮ್ಮ ಸಂಶೋಧನೆಗೆ ಕಂಪ್ಯೂಟರಲ್ಲೇ ಲೆಕ್ಕ ಹಾಕಿ ನೋಡ್ತೀವಿ. ಒಂದೊಂದು ಚೌಕಾನೂ ಅಕ್ಕಪಕ್ಕದ್ದನ್ನ ನೋಡುತ್ತೆ. ಸುತ್ತ ನೀರು ಜಾಸ್ತಿ ಇದ್ರೆ ತಾನೂ ನೀರಾಗುತ್ತೆ. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ. ಆಮೇಲೆ ಒಂದಕ್ಕೊಂದು ಕೂಡ್ಕೊಳ್ಳುತ್ತೆ.”

“ಹೋದ ಸಲ ಡಾಕ್ಟ್ರೂ ಹಾಗೇ ಅಂದ್ರು, ನಿಮ್ಮ ಚಿಕ್ಕಪ್ಪನ ಸ್ಕ್ಯಾನಿಂಗ್ ಫೋಟೋ ನೋಡಿ. ಅಲ್ಲೊಂದು ಇಲ್ಲೊಂದು ಅಂತ.”

ಹುಡುಗಿ ಲ್ಯಾಪ್‌ಟಾಪ್ ಮುಚ್ಚಲು ಹೋದಳು. ಚಿಕ್ಕಮ್ಮ ಕೈ ಅಡ್ಡ ಹಿಡಿದರು.

“ಇರ್ಲಿ. ಸುತ್ತ ಪೂರ್ತಿ ನೀರಾದ್ರೆ ನಡುವೆ ಇರೋದು ಉಳಿಯೋದೇ ಇಲ್ವಾ?”

“ಒಂದೊಂದು ಉಳಿಯುತ್ತೆ. ಪ್ರತಿ ಚೌಕಕ್ಕೂ ಕಂಪ್ಯೂಟರ್ ಒಂದು ದಾಳ ಹಾಕುತ್ತೆ. ಐಸಾಗೇ ಉಳಿಯೋಕೆ ಸಣ್ಣ ಅವಕಾಶ, ಆದ್ರೆ ಇದೆ.”

“ನೀವೇ ಮನಸ್ಸು ತಡೀದೆ ಸೇರಿಸಿದ್ದಾ ಅದನ್ನ?”

“ಅಲ್ಲ ಚಿಕ್ಕಮ್ಮ. ಅದಿಲ್ದಿದ್ರೆ ನಮ್ಮ ಲೆಕ್ಕ ನಿಜವಾದ ಸಮುದ್ರದ ಥರ ಕಾಣೋದೇ ಇಲ್ಲ.”

ನರ್ಸ್ ಬಾಗಿಲು ತೆರೆದು, ಡಾಕ್ಟರು ಕರೆಯುತ್ತಿದ್ದಾರೆ, ಇಬ್ಬರೂ ಬನ್ನಿ ಎಂದರು. ಚಿಕ್ಕಮ್ಮ ಚೀಲ ಹೆಗಲಿಗೇರಿಸಿ ಎದ್ದರು.

“ಮುಚ್ಚಬೇಡ, ಹಾಗೇ ತಗೊಂಡು ಬಾ. ನಿಮ್ಮ ಚಿಕ್ಕಪ್ಪಂಗೂ ಹೇಳು. ಆದ್ರೆ ದಾಳದಿಂದ ಶುರು ಮಾಡು.”