ಜರ್ಮನ್ ತಾಟು

ಪುಣೆಯ ಕೊಂಢವಾ ಬಸ್ ಸ್ಟಾಪಿನ ಸಾಲಿನಲ್ಲಿ ತನ್ನೂರ ಕಡೆಯ ಮಾತು ಬಿದ್ದದ್ದೇ ಗುಮಾಸ್ತ ಕಾಡಪ್ಪನ ಕಿವಿ ನೆಟ್ಟಗಾಯಿತು. ಮುಂದೆ ನಿಂತವಳು ಸವೆದ ಇಳಕಲ್ ಸೀರೆಯ ತಾಯಿ. ಟವೆಲಿನಲ್ಲಿ ಸುತ್ತಿದ ಏನನ್ನೋ ಎದೆಗವುಚಿಕೊಂಡಿದ್ದಳು. ಪಕ್ಕದಲ್ಲಿ ಮೂವತ್ತು ದಾಟಿದ ಮಗಳು.

“ಅವ್ವಾ, ಮನೀಗೆ ನಡಿ. ತಾಟು ಹೊತ್ಕೊಂಡು ವರನ ಮನೀಗೆ ಯಾರರೆ ಹೋಗ್ತಾರೇನ?”

“ಮತ್ತೇನ್ ಮಾಡ್ಲಿ ರೇಣು? ‘ನಮಗ ಜರ್ಮನ್ ತಾಟಿನ್ಯಾಗ ಉಣ್ಣಾಕ ಹಾಕಿದ್ರು’ ಅಂತ ವರನ ತಾಯಿ ಸಂಬಂಧಾನ ಬ್ಯಾಡಂದಾಳ.”

ಅಲ್ಯೂಮಿನಿಯಮ್ಮಿಗೆ ಆ ಕಡೆ ಜರ್ಮನ್ ಎನ್ನುತ್ತಾರೆ. ಕಾಡಪ್ಪ ನಗು ತಡೆಯಲು ತುಟಿ ಕಚ್ಚಿದ.

“ನಿನ್ನ ಮುತ್ಯಾನ ಕಾಲದ ಬೆಳ್ಳಿ ಅದು. ಅಂಗಡಿ ಮುಳುಗಿದಾಗೂ ನಿಮ್ಮಪ್ಪ ಮಾರಲಿಲ್ಲ.”

“ಅವತ್ತ ಹೇಳಬೇಕಿತ್ತಿಲ್ಲ?”

“ಉಣ್ಣಾಕ ಕುಂತವರಿಗೆ ‘ಇದು ಬೆಳ್ಳೀದು’ ಅಂತ ಹೇಳೂದೇನ? ನಾಚಿಕಿಗೇಡು.”

“ಅವರು ಹೇಳ್ತಾರವ್ವಾ. ಮೊನ್ನೆ ಹೊಲ ಮಾರಿ ಬಂಗ್ಲೆ ಕಟ್ಟಿದವರು, ನಾವು ಕುಂದ್ರೂಕ್ಕಿಂತ ಮೊದಲ ಸೋಫಾದ ರೇಟು ಹೇಳಿದ್ರು.”

“ಇನ್ನೊಂದು ವರ ಬರೂದಿಲ್ಲ, ರೇಣು. ಮುಂಜಾನಿಂದ ವಿಭೂತಿ ಹಚ್ಚಿ ತಿಕ್ಕೀನಿ, ನೋಡು.”

ಮಗಳು ಟವೆಲಿನ ಅಂಚು ಸರಿಸಿದಳು. ಬಿಸಿಲಿಗೆ ತಾಟು ಫಳ್ಳನೆ ಹೊಳೆಯಿತು.

“ಭಾಳ ತಿಕ್ಕಿಬಿಟ್ಟೀಯವ್ವಾ. ಈಗ ಸ್ಟೀಲ್ ಅಂತಾರ.”

ಅಷ್ಟರಲ್ಲಿ ವಿಮಾನ ನಗರದ ಪಿಎಂಟಿ ಬಸ್ ಬಂತು. ನೂಕುನುಗ್ಗಲಿನಲ್ಲಿ ಟವೆಲು ಜಾರಿ ಬಿತ್ತು. ತಾಯಿ ಅದನ್ನು ಎತ್ತಿಕೊಳ್ಳಲೂ ಬಗ್ಗದೆ, ತಾಟನ್ನು ತಲೆಯ ಮೇಲೆತ್ತಿ ಹಿಡಿದು ಮೆಟ್ಟಿಲು ಹತ್ತಿದಳು. ಬಸ್ ಹೊರಟ ಮೇಲೂ ಒಳಗಿಂದ ‘ಬೆಳ್ಳೀದು’ ಎಂಬ ಅವಳ ಮರಾಠಿ ಕೂಗು ಕೇಳುತ್ತಲೇ ಇತ್ತು:

“ಚಾಂದೀಚಂ ಆಹೆ! ಚಾಂದೀಚಂ!”