ಮೈಕಿನಲ್ಲಿ ಬಂದ ಹೆಸರು

ವಿಮಾನ ನಿಲ್ದಾಣದ ಕಾಫಿ ಸಾಲಿನಲ್ಲಿ ನಿಂತಿದ್ದ ದರ್ಜಿಗೆ, ಮುಂದಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಕೇಳಿಸ್ತೇನೇ? ಮೈಕಲ್ಲಿ ನನ್ನ ಹೆಸರು ಕೂಗಿದ್ರು!"

"ನಿನ್ನ ಹೆಸರನ್ನ ಇಲ್ಲಿ ಯಾರಕ್ಕಾ ಕೂಗ್ತಾರೆ?"

"ಅಪ್ಪ ಇಟ್ಟ ಪೂರ್ತಿ ಹೆಸರು ಕಣೇ! ಮದುವೆ ಆದಾಗಿಂದ ನಿಮ್ಮ ಭಾವನ ಬಾಯಲ್ಲಿ ನಾನು ಬರೀ 'ಇವಳೇ'. ಮಕ್ಕಳಿಗೆ ಅಮ್ಮ, ಬೀದಿಗೆಲ್ಲ ದೊಡ್ಡಮ್ಮ."

"ಮತ್ತೇನಂದ್ರು?"

"ನಿಂದೂ ಕೂಗಿದ್ರು ಬಿಡು, ಆದ್ರೆ ಮೊದಲು ನಂದು! ಕೊನೇಲಿ ಏನೋ 'ಲಾಸ್ಟ್ ಕಾಲ್' ಅಂದ್ರು."

"ಅಯ್ಯೋ ಅಕ್ಕಾ, ನಮ್ಮ ವಿಮಾನ ಹೊರಡ್ತಿದೆ ಅಂತ ಅದು! ಬ್ಯಾಗ್ ಎತ್ಕೋ, ಓಡು!"

ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಅಷ್ಟರಲ್ಲಿ ಮೈಕು ಮತ್ತೆ ಕೂಗಿತು. ಜನರ ನಡುವಿನಿಂದ ಅಕ್ಕನ ದನಿ ಕೇಳಿಸಿತು:

"ಒಂದ್ನಿಮಿಷ ನಿಲ್ಲೇ, ಪೂರ್ತಿ ಕೇಳಿಸ್ಕೊಂಡು ಬರ್ತೀನಿ!"